ನಿಘಂಟಿನಲ್ಲಿಲ್ಲದ ದೂರು



ಹಳ್ಳಿಯ ಮುದುಕಿಯೊಬ್ಬಳು ಆಡಿದ ಒಂದು ಮಾತು ನಮಗೆ ತಿಳಿಯಲಿಲ್ಲವೆಂದು ಇಟ್ಟುಕೊಳ್ಳಿ. ಮನೆಗೆ ಬಂದು ನಿಘಂಟನ್ನು ತೆರೆಯುತ್ತೇವೆ. 1894ರಲ್ಲಿ ಅಚ್ಚಾದ ಕಿಟ್ಟೆಲರ ಮಹಾನಿಘಂಟಿನಲ್ಲಿಯೂ ಆ ಮಾತು ಸಿಗುವುದಿಲ್ಲ. ಆಗ ನಾವು ಆ ಮುದುಕಿ ಅರ್ಥವಿಲ್ಲದ್ದನ್ನು ಆಡಿದಳೆಂದು ತೀರ್ಮಾನಿಸುತ್ತೇವೆಯೆ? ಇಲ್ಲ. ಅವಳು ಅದನ್ನು ಯಾವಾಗ ಆಡಿದಳು, ಏನನ್ನು ನೋಡಿ ಆಡಿದಳು, ಹಿಂದುಮುಂದಿನ ಮಾತೇನು ಎಂದು ನೆನಪಿಸಿಕೊಳ್ಳುತ್ತೇವೆ; ಮತ್ತೊಮ್ಮೆ ಆ ಊರಿಗೆ ಹೋದಾಗ ಕೇಳುತ್ತೇವೆ. ಪದ ನಿಘಂಟಿನಲ್ಲಿ ಇಲ್ಲವೆಂದರೆ ಅದು ನಿಘಂಟಿನ ಕೊರತೆಯೇ ಹೊರತು ಆಡಿದವರ ತಪ್ಪಲ್ಲ.

ಸಾಹಿತ್ಯದ ವಿಷಯದಲ್ಲಿ ನಮಗೆ ಸಹಜವಾಗಿರುವ ಈ ವಿವೇಕ ಯಂತ್ರದ ವಿಷಯ ಬಂದಾಗ ಹೇಗೆ ಮರೆಯಾಗುತ್ತದೆ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಮರೆತವನು ನಾನೇ ಆದ್ದರಿಂದ ಹೇಳುವ ಅಧಿಕಾರವೂ ನನಗೆ ಸ್ವಲ್ಪ ಇದೆ.

ನಾನು ಹಲವು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಮೋಟಾರು ವಾಹನಗಳ ಪಾಠ ಹೇಳಿದವನು. ನಿವೃತ್ತನಾದ ಮೇಲೂ ಬೀದಿಯವರು ಗಾಡಿಯ ತೊಂದರೆ ಹೇಳಿಕೊಂಡು ಬರುತ್ತಾರೆ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಟ್ಯಾಕ್ಸಿ ಚಾಲಕನೊಬ್ಬ ಬಂದ. ಸಾಲ ಮಾಡಿ ಕೊಂಡ ಗಾಡಿ, ಅದೇ ಅವನ ಜೀವನಾಧಾರ. ಮುಂದಿನ ಹಲಗೆಯಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡಿತ್ತು. ನನ್ನ ಬಳಿ ಅಂಗೈಯಗಲದ ಒಂದು ಸ್ಕ್ಯಾನರ್ ಇದೆ. ಜೋಡಿಸಿ ನೋಡಿದೆ. 'ಪಿ 1'ರಿಂದ ಆರಂಭವಾಗುವ ಒಂದು ಸಂಖ್ಯೆ ಮೂಡಿತು. ಅದರ ಮುಂದೆ, ಇದಕ್ಕೆ ವಿವರಣೆ ಇಲ್ಲ ಎಂಬ ಒಕ್ಕಣೆ.

"ಏನು ಸಾರ್ ಅದು?" ಎಂದು ಕೇಳಿದ.

"ಏನೂ ಇಲ್ಲಪ್ಪ, ಅರ್ಥವಿಲ್ಲದ ನಂಬರು. ಅಳಿಸಿಬಿಡುತ್ತೇನೆ" ಎಂದೆ. ಗುಂಡಿ ಒತ್ತಿದೆ. ದೀಪ ಆರಿತು. ಅವನು ಕೈಮುಗಿದು ಹೋದ.

ಆ ಗುಂಡಿ ಒತ್ತಿದಾಗ ನಾನು ಮಾಡಿದ್ದೇನು ಎಂಬುದು ತಿಳಿಯಬೇಕಾದರೆ ಆ ಸಂಖ್ಯೆಯ ಹುಟ್ಟನ್ನು ಸ್ವಲ್ಪ ತಿಳಿಯಬೇಕು.

ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಮೋಟಾರುಗಳ ಹೊಗೆ ಮಂಜಿನಂತೆ ಮುಸುಕುತ್ತಿದ್ದ ಕಾಲವೊಂದಿತ್ತು. ಆ ರಾಜ್ಯದ, ಅಂದರೆ ಕ್ಯಾಲಿಫೋರ್ನಿಯದ, ವಾಯು ಸಂಪನ್ಮೂಲ ಮಂಡಳಿ ಒಂದು ವಿಚಾರ ಮಾಡಿತು. ಹೊಸ ಗಾಡಿ ಶುದ್ಧವಾಗಿ ಓಡಿದರೆ ಸಾಲದು. ಹಳತಾದ ಮೇಲೆ ಅದು ಕೆಟ್ಟು ಹೊಗೆ ಕಾರತೊಡಗಿದರೆ, ಕೆಟ್ಟಿದ್ದೇನೆಂದು ಗಾಡಿಯೇ ತನ್ನ ಒಡೆಯನಿಗೆ ಹೇಳಬೇಕು. ಹೀಗೆ 1988ರ ಮಾದರಿಯ ಗಾಡಿಗಳಿಂದ ಅಲ್ಲಿ ಸ್ವಪರೀಕ್ಷೆಯ ವ್ಯವಸ್ಥೆ ಕಡ್ಡಾಯವಾಯಿತು. ಆ ದಿನಗಳಲ್ಲಿ ಅನೇಕ ಗಾಡಿಗಳ ದೀಪ ಮಿನುಗುವುದನ್ನು ಎಣಿಸಿ ಸಂಕೇತವನ್ನು ಓದಬೇಕಾಗಿತ್ತು. ಒಂದೊಂದು ಕಂಪನಿಯದು ಒಂದೊಂದು ಲಿಪಿ. ಈ ಗೊಂದಲ ನಿವಾರಿಸಲು 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಹದಿನಾರು ಪಿನ್ನುಗಳ ಒಂದೇ ಬಗೆಯ ಕೂಡುಕೊಂಡಿ, ಒಂದೇ ಬಗೆಯ ಸಂಕೇತಭಾಷೆ ಬಂದವು. ಇದಕ್ಕೆ ಓ.ಬಿ.ಡಿ. ಎರಡು ಎಂದು ಹೆಸರು. ಹೊಗೆ ನಿಯಮದ ಮಿತಿಯ ಸುಮಾರು ಒಂದೂವರೆ ಪಟ್ಟು ಮೀರುವಂಥ ದೋಷ ಕಂಡರೆ ದೀಪ ಹತ್ತಬೇಕೆಂಬುದು ಅದರ ಮೂಲಸೂತ್ರ. ನಮ್ಮಲ್ಲಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ನಿಯಮ ಬಂದಾಗ ಇದರ ಮೊದಲ ರೂಪವೂ, 2013ರಲ್ಲಿ ಎರಡನೆಯ ರೂಪವೂ ಬಂದವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ದೇಶಕ್ಕೆಲ್ಲ ಅನ್ವಯವಾಯಿತು. ಎಂದರೆ, ಆ ಹಳದಿ ದೀಪ ಮೂಲತಃ ಗಾಡಿಯ ಒಡೆಯನಿಗಾಗಿ ಹುಟ್ಟಿದ್ದಲ್ಲ, ಗಾಡಿಯ ಹಿಂದೆ ನಡೆದು ಹೋಗುವವನ ಶ್ವಾಸಕೋಶಕ್ಕಾಗಿ ಹುಟ್ಟಿದ್ದು.

ಇನ್ನು ಆ ಭಾಷೆಯ ವ್ಯಾಕರಣ. ಅದು ಬಹಳ ಚಿಕ್ಕದು. ಒಂದು ಅಕ್ಷರ, ನಾಲ್ಕು ಅಂಕಿ. ಅಕ್ಷರ 'ಪಿ' ಆದರೆ ಎಂಜಿನು ಮತ್ತು ಗೇರುಪೆಟ್ಟಿಗೆಗೆ ಸಂಬಂಧಿಸಿದ ದೂರು. 'ಬಿ' ಆದರೆ ಗಾಡಿಯ ಮೈಗೆ, 'ಸಿ' ಆದರೆ ಬ್ರೇಕು, ಸ್ಟೇರಿಂಗು ಮೊದಲಾದವುಗಳಿಗೆ, 'ಯು' ಆದರೆ ಗಾಡಿಯೊಳಗಿನ ಹಲವು ಕಂಪ್ಯೂಟರುಗಳ ಪರಸ್ಪರ ಸಂಭಾಷಣೆಗೆ ಸಂಬಂಧಿಸಿದ್ದು. ಎರಡನೆಯ ಸ್ಥಾನದಲ್ಲಿ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. ಮೂರನೆಯ ಸ್ಥಾನದ ಅಂಕಿ ಕೇರಿಯನ್ನು ತೋರಿಸುತ್ತದೆ: ಒಂದು ಮತ್ತು ಎರಡು ಗಾಳಿ-ಇಂಧನದ ಕೇರಿ, ಮೂರು ಕಿಡಿಯ ಕೇರಿ, ನಾಲ್ಕು ಹೊಗೆ ನಿಯಂತ್ರಣದ್ದು, ಐದು ವೇಗ ಮತ್ತು ನಿಧಾನಗತಿಯದು, ಆರು ಕಂಪ್ಯೂಟರಿನದು, ಏಳು ಎಂಟು ಗೇರುಪೆಟ್ಟಿಗೆಯವು. ಹೀಗಾಗಿ ಪಿ 0301 ಎಂದರೆ, ಮೊದಲನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ, ನಮ್ಮ ಗ್ಯಾರೇಜಿನವರ ಮಾತಿನಲ್ಲಿ 'ಮಿಸ್ಸಿಂಗ್' ಆಗುತ್ತಿದೆ ಎಂದು ಪ್ರಪಂಚದ ಯಾವ ಮೂಲೆಯಲ್ಲಾದರೂ ಒಂದೇ ಅರ್ಥ.

ಆದರೆ ಎರಡನೆಯ ಸ್ಥಾನದಲ್ಲಿ ಒಂದು ಇದ್ದರೆ ಕಥೆಯೇ ಬೇರೆ. ಆ ಸಂಖ್ಯೆಗಳನ್ನು ಕಂಪನಿಗಳ ಸ್ವಂತ ಬಳಕೆಗೆ ಬಿಟ್ಟಿದ್ದಾರೆ. ಸೊನ್ನೆಯ ಸಂಕೇತಗಳು ಸಂತೆಯ ಮಾತಾದರೆ ಇವು ಮನೆಮಾತು. ಪ್ರತಿ ಮನೆಯಲ್ಲಿಯೂ ಆ ಮನೆಯವರಿಗೆ ಮಾತ್ರ ತಿಳಿಯುವ ಕೆಲವು ಪದಗಳಿರುತ್ತವೆಯಲ್ಲವೆ, ಹಾಗೆ. ಒಂದು ನಿದರ್ಶನ ಕೊಡುತ್ತೇನೆ. ಟೊಯೋಟಾ ಗಾಡಿಗಳಲ್ಲಿ ಪಿ 1300 ಎಂದರೆ ಕಿಡಿ ಹೊತ್ತಿಸುವ ಇಗ್ನೈಟರಿನ ವಿದ್ಯುತ್ ಹಾದಿಯಲ್ಲಿ ದೋಷವೆಂದು ಅರ್ಥ. ಹೋಂಡಾದ ಕೆಲವು ಹಳೆಯ ಗಾಡಿಗಳಲ್ಲಿ ಅದೇ ಸಂಖ್ಯೆಗೆ, ಹಲವು ಸಿಲಿಂಡರುಗಳಲ್ಲಿ ಉರಿ ತಪ್ಪುತ್ತಿದೆ ಎಂಬ ಅರ್ಥ. ಒಂದು ಕಾರಣವನ್ನು ಹೇಳುತ್ತದೆ, ಇನ್ನೊಂದು ಲಕ್ಷಣವನ್ನು ಹೇಳುತ್ತದೆ. ಒಬ್ಬರ ಮನೆಯ ಅರ್ಥವನ್ನು ಇನ್ನೊಬ್ಬರ ಮನೆಗೆ ಒಯ್ದರೆ ಏನಾಗಬಹುದೋ ಅದೇ ಇಲ್ಲಿಯೂ ಆಗುತ್ತದೆ.

ವಿವರಣೆ ಸಿಗದಿರುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಗಾಡಿ ಹೊಸದು, ಸ್ಕ್ಯಾನರಿನೊಳಗಿನ ಪಟ್ಟಿ ಹಳೆಯದು ಆಗಿರಬಹುದು. ಸಾಮಾನ್ಯ ಪಟ್ಟಿಯಲ್ಲಿ ಮುಂದೆ ಬಳಸಲೆಂದು ಖಾಲಿ ಬಿಟ್ಟ ಸಂಖ್ಯೆಗಳಿಗೆ ಕಾಲಕ್ರಮದಲ್ಲಿ ಅರ್ಥ ತುಂಬುತ್ತಾ ಹೋಗಿದ್ದಾರೆ. ಸ್ಕ್ಯಾನರಿಗೆ ಗಾಡಿಯ ಕಂಪನಿ, ಮಾದರಿಗಳನ್ನು ತಪ್ಪಾಗಿ ಹೇಳಿರಬಹುದು. ಬ್ಯಾಟರಿ ಸೊರಗಿದ್ದು ಗಾಡಿಗೂ ಸ್ಕ್ಯಾನರಿಗೂ ನಡುವೆ ಮಾತು ತೊದಲಿರಬಹುದು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದಿದೆ. ಈಚಿನ ಅನೇಕ ಗಾಡಿಗಳು ಐದು ಚಿಹ್ನೆಗಳ ಕೊನೆಗೆ ಒಂದು ಗೆರೆ ಎಳೆದು ಇನ್ನೆರಡು ಅಂಕಿಗಳನ್ನು ಸೇರಿಸುತ್ತವೆ. ಅದು ವಿಭಕ್ತಿ ಪ್ರತ್ಯಯವಿದ್ದಂತೆ. 11 ಎಂದಿದ್ದರೆ ತಂತಿ ಗಾಡಿಯ ಮೈಗೆ ತಗಲಿ ಶಾರ್ಟ್ ಆಗಿದೆ. 12 ಎಂದಿದ್ದರೆ ಬ್ಯಾಟರಿಯ ಧನಭಾಗಕ್ಕೆ ತಗಲಿದೆ. 13 ಎಂದಿದ್ದರೆ ತಂತಿ ಕಡಿದಿದೆ. ಅಗ್ಗದ ಸ್ಕ್ಯಾನರು ಈ ಪ್ರತ್ಯಯವನ್ನು ನುಂಗಿ ಪ್ರಕೃತಿಯನ್ನು ಮಾತ್ರ ತೋರಿಸುತ್ತದೆ. 'ರಾಮ' ಎಂಬಷ್ಟನ್ನೇ ಕೇಳಿ, ರಾಮನು ಹೊಡೆದನೋ ರಾಮನನ್ನು ಹೊಡೆದರೋ ಎಂದು ಹೇಳುವುದು ಹೇಗೆ?

ಈಗ ನನ್ನ ತಪ್ಪಿಗೆ ಬರುತ್ತೇನೆ. ದೋಷ ಕಂಡ ಕ್ಷಣದಲ್ಲಿ ಗಾಡಿಯ ಕಂಪ್ಯೂಟರು ಸಂಖ್ಯೆಯೊಂದನ್ನೇ ಬರೆದಿಡುವುದಿಲ್ಲ. ಆಗ ಎಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಗಾಡಿಯ ವೇಗವೆಷ್ಟು, ಎಂಜಿನ್ನಿನ ನೀರಿನ ಬಿಸಿಯೆಷ್ಟು, ಹೊರೆಯೆಷ್ಟು, ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡಬೇಕಾಯಿತು ಎಂಬುದರ ಒಂದು ಚಿತ್ರವನ್ನೂ ಹಿಡಿದಿಡುತ್ತದೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಸಂಕೇತವನ್ನು ಅಳಿಸಿದರೆ ಈ ಚಿತ್ರವೂ ಅಳಿಯುತ್ತದೆ. ಅದರೊಡನೆ, ಗಾಡಿ ತನ್ನ ಅಂಗಾಂಗಗಳ ಮೇಲೆ ನಡೆಸಿ ಮುಗಿಸಿದ್ದ ಪರೀಕ್ಷೆಗಳ ದಾಖಲೆಯೂ ಹೋಗುತ್ತದೆ. ನಾನು ಗುಂಡಿ ಒತ್ತಿ ಆರಿಸಿದ್ದು ದೀಪವನ್ನಲ್ಲ, ಘಟನೆಯನ್ನು ಕಂಡಿದ್ದ ಏಕೈಕ ಸಾಕ್ಷಿಯ ಬಾಯನ್ನು.

ನಾಲ್ಕು ದಿನಗಳ ಮೇಲೆ ಆ ಚಾಲಕ ಮತ್ತೆ ಬಂದ. ಈ ಸಲ ಅವನ ಮುಖದಲ್ಲಿ ಗೆಲುವಿರಲಿಲ್ಲ. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಿಂದ ವೃದ್ಧರೊಬ್ಬರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗಾಗಿ ಶಿವಮೊಗ್ಗಕ್ಕೆ ಕರೆತರುವುದು ಅವನ ಖಾಯಂ ಬಾಡಿಗೆ. ಬೆಳಕು ಹರಿಯುವ ಮುನ್ನ ಹೊರಟಿದ್ದಾನೆ. ಸುರಿಯುವ ಮಳೆ. ಮಂಡಗದ್ದೆಯ ಬಳಿ ದೀಪ ಹತ್ತಿತು, ಎಂಜಿನ್ನಿನ ಕಸುವು ಕುಂದಿತು. ದೋಷ ಕಂಡಾಗ ತನ್ನನ್ನು ಉಳಿಸಿಕೊಳ್ಳಲು ಕಂಪ್ಯೂಟರು ಎಂಜಿನ್ನನ್ನು ಹೀಗೆ ಕುಂಟಿಸುವುದುಂಟು. ಉಳಿದ ಮೂವತ್ತು ಕಿಲೋಮೀಟರುಗಳನ್ನು ತೆವಳಿಕೊಂಡು ಮುಗಿಸುವಾಗ ಹೊತ್ತು ಮೀರಿತ್ತು. ಆಸ್ಪತ್ರೆಯಲ್ಲಿ ಅವರ ಸರದಿಯನ್ನು ಬೇರೊಬ್ಬರಿಗೆ ಕೊಟ್ಟಿದ್ದರು. ಸಂಜೆಯವರೆಗೆ ಕಾಯಿಸಿ ಮೊಟಕಾಗಿ ಮುಗಿಸಿದರಂತೆ.

"ಅಜ್ಜನಿಗೆ ಏನೂ ಆಗಲಿಲ್ಲ ಸಾರ್. ಆದರೆ ದಾರಿಯುದ್ದಕ್ಕೂ ಅವರು ನನಗೇ ಸಮಾಧಾನ ಹೇಳುತ್ತಿದ್ದರು" ಎಂದ.

ಆ ಮಾತು ನನ್ನನ್ನು ಚುಚ್ಚಿದಷ್ಟು ಬೈಗುಳವೂ ಚುಚ್ಚುತ್ತಿರಲಿಲ್ಲ. ಅರ್ಥವಿಲ್ಲದ ನಂಬರು ಎಂದು ಹೇಳಿದವನು ನಾನೇ ತಾನೆ? ಇಷ್ಟರಲ್ಲಿ ಒಂದು ವರ್ಕ್‌ಶಾಪಿನವರು ಗಾಡಿಯನ್ನು ನೋಡಿ, ಕಂಪ್ಯೂಟರೇ ಕೆಟ್ಟಿದೆ, ಬದಲಾಯಿಸಬೇಕು ಎಂದಿದ್ದರು. ಅವರು ಹೇಳಿದ ಮೊತ್ತಕ್ಕೆ ಹೆಂಡತಿಯ ಬಳೆಗಳನ್ನು ಅಡವಿಡುವ ಯೋಚನೆಯಲ್ಲಿದ್ದ. ಏಕೆ ಕೆಟ್ಟಿದೆ ಎನ್ನುತ್ತಾರೆ ಎಂದು ಕೇಳಿದೆ. "ಕೋಡಿಗೆ ಅರ್ಥ ಸಿಗುತ್ತಿಲ್ಲವಲ್ಲ, ಅದಕ್ಕೇ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಜ್ವರ ಯಾರಿಗೆ ಎಂಬುದೇ ಇನ್ನೂ ಗೊತ್ತಿರಲಿಲ್ಲ.

ಅವನನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಈ ಸಲ ಯಾವ ಗುಂಡಿಯನ್ನೂ ಒತ್ತುವ ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡೆವು. ಫ್ರೀಜ್ ಫ್ರೇಮಿನಲ್ಲಿ ವೇಗ, ಬಿಸಿ, ಹೊರೆ ಎಲ್ಲವೂ ಸಾಧಾರಣವಾಗಿಯೇ ಇದ್ದವು. ಒಂದು ಮಾತ್ರ ಅಸಹಜ. ಆ ಗಾಡಿಯ ಕಂಪ್ಯೂಟರು ತನಗೆ ದೊರೆಯುವ ವೋಲ್ಟೇಜನ್ನೂ ಬರೆದಿಡುವ ಜಾತಿಯದು; 12.2 ಎಂದು ಬರೆದಿತ್ತು. ಎಂಜಿನು ಓಡುತ್ತಿರುವಾಗ ಸಾಮಾನ್ಯವಾಗಿ ಅದು 13.5ರಿಂದ 14.5ರ ನಡುವೆ ಇರಬೇಕು. ಆದರೆ ಬ್ಯಾಟರಿಯ ಮೇಲೆಯೇ ಮೀಟರು ಇಟ್ಟರೆ 13.9 ತೋರಿಸಿತು. ಬಾವಿಯಲ್ಲಿ ನೀರಿದೆ, ಮನೆಯ ನಲ್ಲಿಯಲ್ಲಿ ಇಲ್ಲ. ಹಾಗಾದರೆ ನಡುದಾರಿಯಲ್ಲೆಲ್ಲೋ ಸೋರಿಕೆ.

ನನ್ನ ಶಿಷ್ಯ ಚಾಲಕನತ್ತ ತಿರುಗಿದ. "ಅಣ್ಣ, ದೀಪ ಹತ್ತಿದಾಗ ಗಾಡಿಯಲ್ಲಿ ಏನೇನು ಹಾಕಿಕೊಂಡಿದ್ದಿರಿ?" ಎಂದು ಕೇಳಿದ.

"ಕತ್ತಲೆಯಲ್ಲವಾ, ಹೆಡ್‌ಲೈಟ್ ಹಾಕಿದ್ದೆ. ಮಳೆಗೆ ವೈಪರ್ ಓಡುತ್ತಿತ್ತು. ಗಾಜು ಮಂಜಾಗುತ್ತಿತ್ತು, ಬ್ಲೋವರ್ ಹಾಕಿದ್ದೆ."

"ಮೊದಲ ಸಲ?"

"ಆವತ್ತೂ ಹಾಗೇ."

ಇಷ್ಟು ವರ್ಷ ಪಾಠ ಹೇಳಿದ ನಾನು ಈ ಪ್ರಶ್ನೆಯನ್ನು ಕೇಳಿರಲಿಲ್ಲ. ನಾನು ಸ್ಕ್ಯಾನರನ್ನು ಕೇಳಿದ್ದೆ, ಮನುಷ್ಯನನ್ನು ಕೇಳಿರಲಿಲ್ಲ.

ದೀಪ, ವೈಪರು, ಬ್ಲೋವರುಗಳನ್ನೆಲ್ಲ ಹಾಕಿ ಎಂಜಿನ್ನನ್ನು ಓಡಲು ಬಿಟ್ಟೆವು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ನಿನ ಮೈಗೂ ಇನ್ನೊಂದನ್ನು ಗಾಡಿಯ ಮೈಗೂ ಮುಟ್ಟಿಸಿದೆವು. ಎರಡೂ ಅರ್ತ್; ದಪ್ಪ ತಂತಿಯೊಂದು ಅವನ್ನು ಬೆಸೆದಿರುತ್ತದೆ. ಅವುಗಳ ನಡುವೆ ವ್ಯತ್ಯಾಸವೆಂಬುದು ಒಂದೆರಡು ದಶಾಂಶಕ್ಕಿಂತ ಹೆಚ್ಚಿರಬಾರದು. ಮೀಟರು 1.6 ತೋರಿಸಿತು. ಎಲ್ಲವನ್ನೂ ಆರಿಸಿದೊಡನೆ ವ್ಯತ್ಯಾಸ ಬಹುತೇಕ ಮಾಯ. ಬಗ್ಗಿ ನೋಡಿದರೆ ಆ ತಂತಿಯ ತುದಿ ಹಸಿರು ಕಿಲುಬು ಹಿಡಿದು, ಬೋಲ್ಟಿನ ಕೆಳಗೆ ತುಕ್ಕಿನ ಪುಡಿಯಾಗಿತ್ತು. ಹಗಲಿನಲ್ಲಿ ವಿದ್ಯುತ್ತಿನ ಹರಿವು ಕಡಿಮೆಯಾದ್ದರಿಂದ ಆ ಕಿರುದಾರಿಯೇ ಸಾಕಾಗುತ್ತಿತ್ತು. ಕತ್ತಲೆಯಲ್ಲಿ, ಮಳೆಯಲ್ಲಿ, ಎಲ್ಲದರ ವಿದ್ಯುತ್ತೂ ಅದೇ ದಾರಿಯಲ್ಲಿ ಮರಳಬೇಕಾದಾಗ ನೂಕುನುಗ್ಗಲಾಗಿ, ಕಂಪ್ಯೂಟರಿನ ಅಳತೆಗಳೇ ತಪ್ಪುತ್ತಿದ್ದವು. ತಂತಿಯ ತುದಿಯನ್ನು ಕತ್ತರಿಸಿ, ಉಜ್ಜಿ, ಹೊಸ ಲಗ್ಗು ಹಾಕಿ ಬಿಗಿದೆವು. ಅರ್ಧ ಗಂಟೆಯ ಕೆಲಸ. ಬಳೆಗಳು ಮನೆಯಲ್ಲಿಯೇ ಉಳಿದವು. ಆಮೇಲೆ ಆ ಕಂಪನಿಯ ದುರಸ್ತಿ ಕೈಪಿಡಿಯನ್ನು ಸಂಪಾದಿಸಿ ನೋಡಿದೆ. ಸೆನ್ಸರುಗಳಿಗೆ ಒದಗುವ ವಿದ್ಯುತ್ತಿನ ಮಟ್ಟ ಮಿತಿಯಲ್ಲಿಲ್ಲ ಎಂಬುದು ಆ ಸಂಖ್ಯೆಯ ಅರ್ಥ. ಗಾಡಿ ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿತ್ತು.

ಇದರಿಂದ ನಾನು ಕಲಿತದ್ದನ್ನು, ಗಾಡಿ ಇಟ್ಟುಕೊಂಡಿರುವ ಕೇಳುಗರ ಉಪಯೋಗಕ್ಕಾಗಿ, ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ಅಳಿಸುವ ಮುಂಚೆ ಬರೆದುಕೊಳ್ಳಿ. ಸಂಖ್ಯೆಯನ್ನು ಅದರ ಬಾಲದ ಅಂಕಿಗಳ ಸಹಿತವಾಗಿ, ಜೊತೆಯಲ್ಲಿರುವ ಬೇರೆ ಸಂಖ್ಯೆಗಳನ್ನೂ ಫ್ರೀಜ್ ಫ್ರೇಮನ್ನೂ. ಬ್ಯಾಟರಿಯ ತಂತಿ ಕಳಚಿದರೂ ಎಷ್ಟೋ ಗಾಡಿಗಳಲ್ಲಿ ಇವೆಲ್ಲ ಅಳಿದು ಹೋಗುತ್ತವೆ ಎಂಬುದು ನೆನಪಿರಲಿ. ಹಾಗೆಯೇ ದೀಪ ಹತ್ತಿದಾಗ ಮಳೆಯೋ ಬಿಸಿಲೋ, ಏರೋ ಇಳಿಜಾರೋ, ಎಂಜಿನು ತಣ್ಣಗಿತ್ತೋ ಬಿಸಿಯಾಗಿತ್ತೋ ಎಂಬುದನ್ನೂ ಬರೆಯಿರಿ. ದೀಪ ಒಂದೇ ಸಮನೆ ಮಿನುಗುತ್ತಿದ್ದರೆ ಮಾತ್ರ ಬರೆಯುವುದಕ್ಕೂ ಮೊದಲು ವೇಗ ತಗ್ಗಿಸಿ, ಗಾಡಿಯನ್ನು ಬದಿಗೆ ನಿಲ್ಲಿಸಿ. ಉರಿ ತಪ್ಪಿ ಹೊರಬೀಳುವ ಹಸಿ ಇಂಧನ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡಬಲ್ಲದು.

ಎರಡನೆಯದು, ಭಾಷೆಯನ್ನು ಸರಿಪಡಿಸಿಕೊಳ್ಳಿ. ಬ್ಯಾಟರಿ ಸುಸ್ಥಿತಿಯಲ್ಲಿದೆಯೆ, ಗಾಡಿಯ ಮಾದರಿಯನ್ನು ಸರಿಯಾಗಿ ಆರಿಸಿದೆಯೆ ಎಂದು ನೋಡಿ ಮತ್ತೊಮ್ಮೆ ಓದಿ. ಮನೆಮಾತಿನ ಸಂಕೇತವಾದರೆ ಆ ಮನೆಯ ಕೈಪಿಡಿಯನ್ನೇ ನೋಡಬೇಕು. ಬೇರೆ ಕಂಪನಿಯ ಅರ್ಥವನ್ನು ಎರವಲು ತರಬಾರದು.

ಮೂರನೆಯದು, ಅರ್ಥ ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಗಾಡಿ ಆ ಹೊತ್ತಿನಲ್ಲಿ ಕಾಣುತ್ತಿರುವ ಅಳತೆಗಳು ಹೆಸರಿಲ್ಲದೆಯೂ ಮಾತಾಡುತ್ತವೆ. ನೀರಿನ ಬಿಸಿ ಮೈನಸ್ 40 ಡಿಗ್ರಿ ಎಂದು ತೋರಿಸಿದರೆ ಗಾಡಿ ಹಿಮಾಲಯದಲ್ಲಿಲ್ಲ, ಸೆನ್ಸರಿನ ತಂತಿ ಕಡಿದಿದೆ. ನಿಧಾನಗತಿಯಲ್ಲಿ ಇಂಧನವನ್ನು ಬಹಳ ಹೆಚ್ಚಿಸಬೇಕಾಗಿ ಬಂದು, ಎಂಜಿನ್ನಿನ ಸುತ್ತು ಏರಿದಂತೆ ಅದು ತಗ್ಗಿದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಹೊರೆ ಏರಿದಂತೆ ಅದೂ ಏರುತ್ತಿದ್ದರೆ ಪಂಪು ಅಥವಾ ಫಿಲ್ಟರು ಇಂಧನವನ್ನು ಸಾಕಷ್ಟು ಕೊಡುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ.

ನಾಲ್ಕನೆಯದು, ಅರ್ಥ ಸಿಕ್ಕ ಮೇಲೆಯೂ ಅದನ್ನು ತೀರ್ಪೆಂದು ತಿಳಿಯಬಾರದು. ಪಿ 0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರು ತಕ್ಕಷ್ಟು ಕೆಲಸ ಮಾಡುತ್ತಿರುವಂತೆ ಕಾಣುತ್ತಿಲ್ಲ ಎಂದಷ್ಟೇ. ಹೊಗೆಕೊಳವೆಯಲ್ಲಿ ಸಣ್ಣ ಬಿರುಕಿದ್ದು ಗಾಳಿ ಸೇರಿದರೂ ಈ ದೂರು ಬರಬಹುದು. ಬಿರುಕನ್ನು ಹಾಗೆಯೇ ಬಿಟ್ಟು ಬೆಲೆಬಾಳುವ ಕನ್ವರ್ಟರನ್ನು ಬದಲಾಯಿಸಿದವರಿದ್ದಾರೆ. ಸಂಕೇತ ಹೆಸರಿಸುವುದು ಒಂದು ಹಾದಿಯನ್ನು, ಬಿಡಿಭಾಗವನ್ನಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಮೀಟರಿನ ಕಡ್ಡಿ ಹಿಡಿದವನಿಗೂ ಸಲ್ಲುತ್ತದೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಹೆಸರು ತಿಳಿಯಿತೆಂದರೆ ವಸ್ತುವೇ ತಿಳಿಯಿತೆಂದು ನಂಬುವುದು ಓದು ಬಲ್ಲವರಾದ ನಮಗೆ ಅಂಟಿದ ಒಂದು ದೌರ್ಬಲ್ಯ. ಅದರ ಮಗ್ಗುಲಲ್ಲಿಯೇ ಇನ್ನೊಂದಿದೆ: ಹೆಸರು ಸಿಗಲಿಲ್ಲವೆಂದರೆ ಆ ನೋವೂ ಇಲ್ಲವೆಂದು ಬಗೆಯುವುದು. ಮನೆಯ ಹಿರಿಯರು ಎದೆಯಲ್ಲಿ ಏನೋ ಒಂದು ಥರ ಎಂದಾಗ, ಮಗು ಶಾಲೆಗೆ ಹೋಗಲು ಮನಸ್ಸಿಲ್ಲ ಎಂದಾಗ, ನಮ್ಮ ಪಟ್ಟಿಯಲ್ಲಿ ಅದಕ್ಕೆ ಹೆಸರು ಕಾಣದೆ, ಏನೂ ಇಲ್ಲ ಬಿಡು ಎಂದು ಎಷ್ಟು ಸಲ ದೀಪ ಆರಿಸಿದ್ದೇವೆಯೋ!

ಆ ವೃದ್ಧರು ಈಗಲೂ ವಾರಕ್ಕೆ ಎರಡು ಸಲ ಅದೇ ಗಾಡಿಯಲ್ಲಿ ಶಿವಮೊಗ್ಗಕ್ಕೆ ಬಂದು ಹೋಗುತ್ತಾರೆ. ಒಂದು ದಿನ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ, ಚಾಲಕ ನನ್ನನ್ನು ಅವರಿಗೆ ತೋರಿಸಿ, "ಇವರೇ ಅಜ್ಜ, ಗಾಡಿ ಸರಿಮಾಡಿಸಿಕೊಟ್ಟವರು" ಎಂದ. ಮೊದಲು ಕೆಡಿಸಿದವನೂ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಆ ಮಾತನ್ನು ಇಂದು ನಿಮ್ಮೆದುರು ಹೇಳಿದ್ದೇನೆ.